ರಜೆಯಲ್ಲಿ ಎಣಿಸಿದವನು

ದಸರಾ ರಜೆ ಮುಗಿದು, ಶಾಲೆಯ ಗಂಟೆ ಬಾರಿಸುವ ಕಂಪ್ಯೂಟರಿಗೆ ಕರೆಂಟು ಬಂತು. ಅದರೊಳಗೆ ಎಲ್ಲ ಕೆಲಸ ನಡೆಸುವ ಯಜಮಾನ ತಂತ್ರಾಂಶ ಕರ್ನೆಲ್ ಕಣ್ಣುಜ್ಜಿಕೊಳ್ಳುತ್ತ, “ಈಗ ಹೊತ್ತೆಷ್ಟು?” ಎಂದು ಕೇಳಿದ.

ಸೆಕೆಂಡಿಗೆ ಕೋಟಿ ಸಲ ಮಿಡಿಯುವ ಟೈಮರ್ ಬೀಗುತ್ತ ಹೇಳಿದ: “ಕಾಲ ಈಗಷ್ಟೇ ಹುಟ್ಟಿತು, ಒಡೆಯಾ. ಮೂರು ಸೆಕೆಂಡಾಯಿತು.”

ಮೂಲೆಯಲ್ಲಿ, ಕರೆಂಟಿಲ್ಲದಾಗಲೂ ತನ್ನನ್ನು ನಡೆಸುವ ಬಟನ್ ಸೆಲ್ಲನ್ನು ತಬ್ಬಿ ಕೂತಿದ್ದ ಗಡಿಯಾರಜ್ಜ ಮೆಲ್ಲನೆ ಹೇಳಿದ: “ಸೋಮವಾರ. ಹತ್ತಕ್ಕೆ ಒಂದು ನಿಮಿಷವಿದೆ.”

“ಸೆಕೆಂಡಿಗೊಂದೇ ಹೆಜ್ಜೆ ಇಡುವ ನಿನಗೇನು ಗೊತ್ತು?” ಎಂದು ಟೈಮರ್ ನಕ್ಕ.

“ಕಾಲ ಹುಟ್ಟಿದ್ದಲ್ಲ ಮಗಾ, ನೀನು ಎದ್ದದ್ದು. ಹದಿನೈದು ದಿನ ನೀನು ಮಲಗಿದ್ದೆ.”

ಕರ್ನೆಲ್ ಅಜ್ಜನ ಮಾತು ನಂಬಿದ. ನಿಮಿಷ ಕಳೆದು ಗಂಟೆ ಹೊಡೆಯಿತು; ಅಂಗಳದಲ್ಲಿ ಮಕ್ಕಳ ಕಾಲ್ಸಪ್ಪಳ ಎದ್ದಿತು.

ಕನಸಿನುದ್ದಕ್ಕೂ ಕೇಳಿದ್ದ ನಿಧಾನದ ಟಿಕ್ ಟಿಕ್ ತನ್ನದೇ ಎದೆಬಡಿತವೆಂದುಕೊಂಡಿದ್ದ ಟೈಮರ್ ತಲೆ ತಗ್ಗಿಸಿದ.

“ಅಜ್ಜಾ, ಅದು ನೀನಾ?”