ಆರಕ್ಕೆ ಆರುವ ಯಂತ್ರ

ಸಾಫ್ಟ್‌ವೇರ್ ಆಫೀಸಿನ ಹಿರಿಯರಾದ ಧರಣೇಂದ್ರಯ್ಯನವರಿಗೆ ಒಂದು ಅಭ್ಯಾಸ. ಕಂಪ್ಯೂಟರ್ ಕೋಡಿನಲ್ಲಿ ಯಾವುದಕ್ಕೆ ಹೆಸರಿಟ್ಟರೂ ಪಕ್ಕದಲ್ಲಿದ್ದವರಿಗೆ ಅದನ್ನು ಓದಿಸಿ, “ಏನಂತ ಅರ್ಥ ಆಯ್ತು?” ಎಂದು ಕೇಳುತ್ತಾರೆ. ಟೀ ತಂದವರನ್ನೂ ಬಿಡುವುದಿಲ್ಲ. ಬೇರೆಯವರು ಸುಲಭವಾಗಿ ಓದಿ ತಿದ್ದುವಂಥ ಕೋಡು ಬರೆಯುವುದು ಹೇಗೆ ಎಂಬ ಅವರ ಪುಸ್ತಕ ಆಫೀಸಿನ ಪ್ರತಿ ಮೇಜಿನ ಮೇಲೂ ಇತ್ತು.

ಒಂದು ಸಂಜೆ ಐದು ಗಂಟೆಗೆ ರಜಿಯಾಬಿ ಫೋನ್ ಮಾಡಿದರು. ಕೋಳಿಮೊಟ್ಟೆಗೆ ಕಾವು ಕೊಡುವ ಅವರ ಯಂತ್ರವನ್ನು ನಡೆಸುವುದು ಈ ಆಫೀಸಿನ ಸಾಫ್ಟ್‌ವೇರೇ. ಫೋನ್ ಎತ್ತಿದ್ದು ಹೊಸದಾಗಿ ಸೇರಿದ್ದ ಜೆಸಿಂತಾ. ಮಾತು ಕಡಿಮೆಯ ಹುಡುಗಿ.

“ನಿನ್ನೆಯಿಂದ ಮಿಷನ್ನು ಆರಕ್ಕೆ ಆರ್ತದೆ, ಏಳಕ್ಕೆ ಏಳ್ತದೆ ಕಣಮ್ಮ. ನಾಳೆ ಮರಿ ಬರೋ ದಿನ. ಇವತ್ತೂ ತಣ್ಣಗಾದ್ರೆ ಎಂಟುನೂರು ಮೊಟ್ಟೆನೂ ಹೋದಂಗೆ.”

ಅವರ ಗಟ್ಟಿದನಿ ಫೋನಿನಿಂದಾಚೆಗೂ ಕೇಳಿತು. ರಜಿಯಾಬಿ ಪ್ರಾಸ ಕಟ್ಟಿ ಬೈಯುತ್ತಾರಲ್ಲ ಎಂದು ಎಲ್ಲರೂ ನಕ್ಕರು. ಜೆಸಿಂತಾ ನಗಲಿಲ್ಲ. ಅದೇ ಮಾತನ್ನು ಬಾಯೊಳಗೇ ಹೇಳಿಕೊಳ್ಳುತ್ತಾ ಹಳೇ ಕೋಡು ತೆರೆದಳು.

ಸಿಕ್ಕೇಬಿಟ್ಟಿತು! ಅಲ್ಲಿ ಎರಡು ಕನ್ನಡ ಹೆಸರುಗಳಿದ್ದವು. ತಣ್ಣಗಾದರೆ ಯಂತ್ರಕ್ಕೆ ‘ಏಳು’, ಅಂದರೆ ಎದ್ದೇಳು. ಬಿಸಿ ಹೆಚ್ಚಾದರೆ ‘ಆರು’, ಅಂದರೆ ತಣಿ. ಮೊನ್ನೆ ಕೋಡು ಚೊಕ್ಕ ಮಾಡಿದವರು ಅವನ್ನು ಗಂಟೆಗಳೆಂದುಕೊಂಡು ಗಡಿಯಾರಕ್ಕೆ ಕಟ್ಟಿಬಿಟ್ಟಿದ್ದರು.

ಹೆಸರಿಟ್ಟವರು ಯಾರು? ಹದಿನೈದು ವರ್ಷದ ಹಿಂದೆ, ಸಾಕ್ಷಾತ್ ಧರಣೇಂದ್ರಯ್ಯ.

ಆರಕ್ಕೆ ಇಪ್ಪತ್ತೇ ನಿಮಿಷ. ಗಡಿಯಾರದ ನಂಟು ಬಿಡಿಸಿ ಅವಳು ಸುಮ್ಮನಿರಬಹುದಿತ್ತು. ಆದರೆ ಹೆಸರು ಹಾಗೇ ಉಳಿದರೆ ಇನ್ನೊಬ್ಬರು ಎಡವುತ್ತಾರೆ. ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ, ಧರಣೇಂದ್ರಯ್ಯನವರ ಮುಂದೆ ಆ ಎರಡರಲ್ಲಿ ಒಂದೇ ಪದ ತೋರಿಸಿದಳು.

“ಸರ್, ಇದು ಏನಂತ ಅರ್ಥ ಆಯ್ತು?”

“ಆರು. ಐದಾದ ಮೇಲೆ ಬರೋ ಆರು.”

ಅವಳು ಕೆಳಗೆ, ಕೋಡು ಬರೆದವರ ಜಾಗದಲ್ಲಿದ್ದ ಅವರದೇ ಹೆಸರು ತೋರಿಸಿದಳು. ಅವರ ಕಿವಿ ಕೆಂಪಾಯಿತು. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. ‘ಕಾವು ಹೆಚ್ಚಿಸು’, ‘ಕಾವು ತಗ್ಗಿಸು’ ಎಂದು ಹೆಸರು ಬದಲಾಯಿತು, ಗಡಿಯಾರದ ನಂಟು ಬಿಟ್ಟಿತು, ತಿದ್ದಿದ ಕೋಡು ಯಂತ್ರಕ್ಕೆ ಹೋಯಿತು. ಗಂಟೆ ಆರಾಯಿತು. ಯಂತ್ರ ಆರಲಿಲ್ಲ.

ಮರುದಿನ ರಜಿಯಾಬಿ ಫೋನ್ ಮಾಡಿದರು. ಫೋನನ್ನು ಮರಿಗಳ ಹತ್ತಿರ ಹಿಡಿದರು, ಅಷ್ಟೇ. ಚಿಂವ್ ಚಿಂವ್ ಚಿಂವ್! ಇಡೀ ಆಫೀಸು ಎದ್ದು ಬಂದು ಜೆಸಿಂತಾಳ ಮೇಜು ಮುತ್ತಿತು.

ಆ ಗದ್ದಲದಲ್ಲೇ ಧರಣೇಂದ್ರಯ್ಯನವರು ತಮ್ಮ ಪುಸ್ತಕ ಅವಳ ಮುಂದಿಟ್ಟು ಕೇಳಿದರು. “ಇದನ್ನೂ ಒಂದ್ಸಲ ಹೀಗೇ ಓದಿ, ಎಲ್ಲಿ ತಪ್ಪಿದೆ ಹೇಳ್ತೀಯೇನಮ್ಮ?”

ಜೆಸಿಂತಾ ಇನ್ನೂ ಫೋನ್ ಕಿವಿಯಿಂದ ತೆಗೆದಿರಲಿಲ್ಲ. ಮರಿಗಳ ಸದ್ದು ಕೇಳುತ್ತಲೇ ಇನ್ನೊಂದು ಕೈಯಿಂದ ಪುಸ್ತಕದ ಮೊದಲ ಪುಟ ತೆರೆದಳು.

ನೀತಿ: ಬರೆದವರಿಗೆ ಅರ್ಥವಾದರೆ ಅರ್ಧ ಕೆಲಸ. ನಾಳೆ ಓದುವವರಿಗೂ ಅದೇ ಅರ್ಥವಾದರೆ ಪೂರ್ತಿ ಕೆಲಸ. ಎಷ್ಟೇ ದೊಡ್ಡವರಾದರೂ ಇನ್ನೊಬ್ಬರಿಗೆ ಓದಿಸಿ ನೋಡಬೇಕು.