ಗುತ್ತೆವ್ವ ಹಿಡಿದ ನೀರಿನ ಜಾಡು

ಬಹಳ ಹಿಂದೆ, ನಮ್ಮ ಮುತ್ತಜ್ಜಿಯರ ಮುತ್ತಜ್ಜಿಯರೂ ಹುಟ್ಟಿರದ ಕಾಲದಲ್ಲಿ, ಘಟ್ಟದ ನೆತ್ತಿಯ ಮೇಲೆ ಗಾಳಿಕೊಪ್ಪ ಅಂತ ಒಂದು ಊರಿತ್ತಂತೆ. ಆ ಊರಿನ ಸೊಸೆ ಗುತ್ತೆವ್ವ. ಅವಳ ತವರು ಘಟ್ಟದ ಮೂಡಲಿಗೆ, ಬಯಲುಸೀಮೆಯ ಬಿಳಿಹಾಳ.

ಘಟ್ಟದ ಪಡುವಲಿಗೆ ಮಳೆ ಹಿಡಿದರೆ ಬಿಡುತ್ತಿರಲಿಲ್ಲ. ಮೂಡಲಿಗೆ ಇಳಿದರೆ ಬರೀ ಬಿಸಿಲು. ಬಿಳಿಹಾಳದವರು ಅಂಗಳದಲ್ಲಿ ನಿಂತರೆ ದೂರದ ಘಟ್ಟದ ತಲೆಯ ಮೇಲೆ ಕರಿಮೋಡ ಕಾಣುತ್ತಿತ್ತು, ತಮ್ಮ ಕಡೆ ಮಾತ್ರ ಬರುತ್ತಿರಲಿಲ್ಲ. ಬಂಡೆಗಳ ಬುಡದಲ್ಲಿ ಹುಟ್ಟುವ ಹಳ್ಳವೊಂದೇ ಜನಕ್ಕೂ ದನಕ್ಕೂ ನೀರು. ಒಂದು ವರ್ಷ ಬಿತ್ತಿದ ಜೋಳ ಮಣ್ಣಲ್ಲೇ ಸತ್ತಿತು. ಮೋಡಗಳನ್ನ ಹಿಡಿದಿಟ್ಟಿರೋದು ಘಟ್ಟದ ಕಾಡು, ಅದನ್ನ ಕಡಿದರೆ ಮಳೆ ಈಚೆ ದಾಟುತ್ತದೆ ಅಂತ ಊರು ಮಾತಾಡಿಕೊಂಡಿತು. ಕೊಡಲಿ ಹೊತ್ತು ಹೊರಟವರ ಮುಂದಾಳು ಗುತ್ತೆವ್ವನ ಒಡಹುಟ್ಟಿದ ಅಣ್ಣ ಭರಮಗೌಡ.

ಸುದ್ದಿ ಕೇಳಿ ಗುತ್ತೆವ್ವ ಕಾಡಿನ ಬಾಯಲ್ಲಿ ಬಂದು ನಿಂತಿದ್ದಳಂತೆ. ಎಲ್ಲರಿಗೂ ಅಂಬಲಿ ಕೊಟ್ಟಳು. ಆಮೇಲೆ ಅಣ್ಣನಿಗೆ ಹೇಳಿದಳು: "ಕಡಿಯೂದಿದ್ರ ಕಡಿಯಣ್ಣಾ. ಮೊದ್ಲು ನನ್ನ ಕೂಡ ಒಂದಿಷ್ಟು ನಡಿ."

ಎಲ್ಲರನ್ನೂ ನೆತ್ತಿಗೆ ಕರೆದೊಯ್ದಳು. ಎದೆಗೆ ಮಳೆ ಹೊಡೆಯುತ್ತಿತ್ತು, ಬೆನ್ನ ಹಿಂದೆ ಬಯಲು ಬಿಸಿಲಲ್ಲಿ ಬಿದ್ದಿತ್ತು. ಭರಮಗೌಡನ ಸಿಟ್ಟು ಇನ್ನಷ್ಟು ಏರಿತು. ಅವಳು ಮರಗಳ ಬೇರಿನಿಂದ ಜಿನುಗುವ ನೀರು ತೋರಿಸಿದಳು. ಆ ನೀರು ಪಡುವಲಿಗೆ ಹೋಗದೆ ಮೂಡಲಿಗೆ ಹರಿದಿತ್ತು. ಅದರ ಜಾಡು ಹಿಡಿದು ಎಲ್ಲರೂ ಇಳಿದರು. ಜಿನುಗು ತೊರೆಯಾಯಿತು. ಆದರೆ ಘಟ್ಟದ ಬುಡದಲ್ಲಿ ಬಂಡೆಗಳ ಸಂದಿಗೆ ಹೊಕ್ಕು ಕಾಣದಾಯಿತು.

 ಅಲ್ಲಿಂದ ಮುಂದೆ ನೀರು ಎಲ್ಲಿಗೆ ಹೋಗುತ್ತದೆಂದು ಗುತ್ತೆವ್ವನೂ ಕಂಡವಳಲ್ಲ. ಕಾಡಿನ ಕೆಂಪು ಹೂ ಬೊಗಸೆ ತುಂಬ ಕಿತ್ತು ಆ ಸಂದಿಗೆ ಬಿಟ್ಟಳು. ಬಂಡೆ ಬಳಸಿ ಆಚೆ ಹೋದರೆ, ಅದು ಬಿಳಿಹಾಳದ ಹಳ್ಳ ಹುಟ್ಟುವ ಜಾಗವೇ. ಎಲ್ಲರೂ ಕೂತು ಕಾದರು. ಹೊತ್ತು ವಾಲಿತು. ಒಬ್ಬ ಎದ್ದು ಕೊಡಲಿ ಹೆಗಲಿಗೇರಿಸಿದ.

ಆಗ ಬಂಡೆಯ ಬುಡದಿಂದ ಒಂದು ಕೆಂಪು ಹೂ ತೇಲಿ ಬಂತಂತೆ. ಹಿಂದೆಯೇ ಇನ್ನೊಂದು.

ಭರಮಗೌಡ ಮೊಣಕಾಲುದ್ದ ನೀರಿಗಿಳಿದು ಹೂ ಎತ್ತಿಕೊಂಡ. "ಇಷ್ಟ್ ದಿನ ತಂಗೀ ಮನೀ ನೀರು ಕುಡದ ಬದುಕೀವಿ," ಅಂದ. ಕೊಡಲಿಗಳು ಬಂದ ದಾರಿಯಲ್ಲೇ ಊರಿಗೆ ತಿರುಗಿದವು.

ಈಗಲೂ ಬಿಳಿಹಾಳದವರು ಆ ಕಾಡಿಗೆ ಕೊಡಲಿ ಒಯ್ಯುವುದಿಲ್ಲ. ಹಳ್ಳಕ್ಕೆ ವರ್ಷದ ಮೊದಲ ಮಳೆಯ ಕೆನ್ನೀರು ಬಂದಾಗ ಘಟ್ಟ ಹತ್ತಿ, ಗಾಳಿಕೊಪ್ಪದ ಸೊಸೆಯೊಬ್ಬಳನ್ನು ಕೂರಿಸಿ, ಜೋಳ, ಬೆಲ್ಲ, ಕುಪ್ಪಸದ ಖಣ ಇಟ್ಟು ಉಡಿ ತುಂಬಿಸುತ್ತಾರೆ. ಅವಳು ಯಾವ ಊರಿನ ಮಗಳೇ ಆಗಿರಲಿ, ಆ ದಿನ ಬಿಳಿಹಾಳದ ಗಂಡಸರೆಲ್ಲ ಅವಳಿಗೆ ಅಣ್ಣಂದಿರು.