ಕೈ ಕಟ್ಟಿಕೊಂಡ ಯಜಮಾನ

"ಗುರುಗಳೇ, ನನ್ನಲ್ಲಿ ಏನು ಕೊರತೆ?"

ಕೇಳಿದವನು ರಾಚಯ್ಯ. ಮಠದ ಅಡುಗೆಮನೆಯಲ್ಲಿ ಒಂಬತ್ತು ವರ್ಷದಿಂದ ದುಡಿಯುತ್ತಿದ್ದವನು. ದಿನಕ್ಕೆ ನಾನೂರು ಎಲೆ ಬೀಳುವ ಜಾಗ ಅದು. ಅಡುಗೆಮನೆಯ ಮುಖ್ಯಸ್ಥರಿಗೆ ವಯಸ್ಸಾಗಿತ್ತು. ಅವರ ಸ್ಥಾನ ತನಗೇ ಬರುತ್ತದೆಂದು ರಾಚಯ್ಯ ಕಾದಿದ್ದ. ಎರಡು ಸಲ ಕೇಳಿದಾಗಲೂ ಗುರುಗಳು "ಇನ್ನೊಂದು ವರ್ಷ ತಡಿ" ಎಂದಿದ್ದರು. ಇದು ಮೂರನೆಯ ಸಲ.

"ಅಕ್ಕಿ ಆರಿಸುವುದರಿಂದ ಹಿಡಿದು ಹಪ್ಪಳ ಕರಿಯುವವರೆಗೆ ನನಗೆ ಬಾರದ ಕೆಲಸವಿಲ್ಲ. ಆರು ಜನ ಮಾಡುವುದನ್ನು ನಾನೊಬ್ಬನೇ ಮಾಡಬಲ್ಲೆ. ಮತ್ತೆ ಯಾಕೆ ತಡಿ, ತಡಿ ಅನ್ನುತ್ತೀರಿ?"

ಗುರುಗಳು ನಕ್ಕರು. "ಮುಖ ಊದಿಸಿಕೊಳ್ಳಬೇಡವೋ. ನೀನು ಮಾಡಿದ ಸಾರು ಉಂಡೇ ಈ ಮುದುಕ ಇನ್ನೂ ಮೆಟ್ಟಿಲು ಹತ್ತುತ್ತಿದ್ದಾನೆ. ನಿನ್ನ ಕೈರುಚಿಯ ಮೇಲೆ ನನ್ನದೇನೂ ದೂರಿಲ್ಲ. ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದೆಯೋ, ಎದ್ದು ಹೋಗುತ್ತೇನೆ."

ರಾಚಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ನೇಕಾರರ ಬೀದಿಯಿತ್ತು. ನೂಲು ಮಗ್ಗ ಏರುವ ಮೊದಲು ಅದನ್ನು ಬೀದಿಯುದ್ದಕ್ಕೂ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಅದಕ್ಕೆ ಹಾಸು ಎಂದು ಹೆಸರು. ಹಾಸಿನ ಮೇಲೆ ಗಂಜಿ ಬಳಿದು ಕುಂಚದಿಂದ ತೀಡಬೇಕು. ಎಂಟು ಜನ ಎರಡೂ ಬದಿಗೆ ನಿಂತು ಒಂದೇ ಹೆಜ್ಜೆಯಲ್ಲಿ ತೀಡುತ್ತಾ ಹೋಗಬೇಕು. ಎಳೆ ಹರಿದರೆ ಅಲ್ಲಲ್ಲೇ ಗಂಟು ಹಾಕಬೇಕು. ಇಷ್ಟೂ ಕೆಲಸ ಬಿಸಿಲು ಬಲಿಯುವುದರೊಳಗೆ ಮುಗಿಯಬೇಕು. ತಡವಾದರೆ ಗಂಜಿ ಒಣಗಿ ಎಳೆಗೆ ಎಳೆ ಅಂಟಿಕೊಳ್ಳುತ್ತದೆ. ಆಮೇಲೆ ಆ ಹಾಸು ಒಲೆಗೆ ಹಾಕುವುದಕ್ಕೇ ಸರಿ.

ಇದನ್ನೆಲ್ಲ ನಡೆಸಲು ಬೀದಿಗೊಬ್ಬ ಯಜಮಾನನಿದ್ದ. ಮುದುಕ. ಅವನದೊಂದು ವಿಚಿತ್ರ ಪದ್ಧತಿ. ಕೆಲಸ ಶುರುವಾದ ಕೂಡಲೇ ಯಾರನ್ನಾದರೂ ಕರೆದು, ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಶಲ್ಯದಿಂದ ಕಟ್ಟಿಸಿಕೊಳ್ಳುತ್ತಿದ್ದ. ಹಾಗೆಯೇ ಹಾಸಿನ ಪಕ್ಕದಲ್ಲಿ ಹಿಂದೆ ಮುಂದೆ ಓಡಾಡುತ್ತಿದ್ದ. ಜನ ಅದನ್ನು ದೊಡ್ಡವರ ಠೀವಿ ಎಂದುಕೊಂಡಿದ್ದರು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅದೇ ಬೀದಿಯಲ್ಲಿ ಒಬ್ಬ ನೇಕಾರನಿದ್ದ. ಅಬ್ಬಾ, ಅವನ ಕೈಯೇ! ಹರಿದ ಎಳೆ ನೆಲ ಮುಟ್ಟುವುದರೊಳಗೆ ಗಂಟು ಬಿದ್ದಿರುತ್ತಿತ್ತು. ಬೆರಳಾಡಿಸಿ ಹುಡುಕಿದರೂ ಆ ಗಂಟು ಸಿಕ್ಕುತ್ತಿರಲಿಲ್ಲ. ಯಜಮಾನನ ಕಾಲು ಸೋಲುತ್ತಾ ಬಂತು. ಮುಂದಿನ ಯಜಮಾನ ತಾನೇ ಎಂದು ನೇಕಾರನಿಗೆ ಖಾತ್ರಿ. ಮುದುಕನಿಗೂ ಅವನನ್ನು ಕಂಡರೆ ಜೀವ. "ಮೂರು ಹಾಸು ನಡೆಸಿ ತೋರಿಸಪ್ಪ. ಆಮೇಲೆ ಬೀದಿ ನಿನ್ನದು" ಎಂದ.

ಮೊದಲ ಹಾಸು. ಎಲ್ಲಿ ಎಳೆ ಹರಿದರೂ ಕುಂಚದವನ ಕೈ ಏಳುವ ಮೊದಲೇ ಈ ನೇಕಾರ ಅಲ್ಲಿರುತ್ತಿದ್ದ. "ಸರಿ ಸರಿ, ನೀನು ಬಿಡು" ಎಂದು ಅವನನ್ನು ಸರಿಸಿ ತಾನೇ ಗಂಟು ಹಾಕುತ್ತಿದ್ದ. ಎಂಟು ಜನರಲ್ಲಿ ದಾನಪ್ಪ ಎಂಬವನ ಕೈ ಸ್ವಲ್ಪ ನಿಧಾನ. ಅವನು ಹಾಕಿದ ಗಂಟನ್ನು ನೇಕಾರ ಬಿಚ್ಚಿ ತಾನೇ ಮತ್ತೆ ಹಾಕಿದ. ಹಾಸು ಕನ್ನಡಿಯ ಹಾಗೆ ಬಂತು. ಊರೆಲ್ಲ ಹೊಗಳಿತು.

ಎರಡನೆಯದೂ ಹಾಗೆಯೇ ಬಂತು. ಆದರೆ ಈ ಸಲ ಎಳೆ ಹರಿದರೆ ಎಂಟು ಜನರೂ ತಲೆ ಎತ್ತಿ, "ಅಣ್ಣಾ, ಇಲ್ಲೊಂದು ಹೋಯ್ತು" ಎಂದು ಕೂಗಿ ನಿಲ್ಲುತ್ತಿದ್ದರು. ನೇಕಾರ ಓಡುತ್ತಿದ್ದ. ಓಡುವುದರಲ್ಲೇ ಅವನಿಗೊಂದು ಸಂತೋಷ. ತಾನಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದು ಎಂದು ಹೆಂಡತಿಯ ಮುಂದೆ ಹೇಳಿಕೊಂಡ. ಕೇಳುತ್ತಿದ್ದೀಯೇನೋ ರಾಚಯ್ಯ? ನಗಬೇಡ.

ಮೂರನೆಯ ಹಾಸು ಬಾಳವ್ವ ಎಂಬ ಹೆಂಗಸಿನದು. ಮಗಳ ಮದುವೆಗೆ ಸೀರೆಯನ್ನು ತಾನೇ ನೇಯಬೇಕೆಂದು ಅವಳ ಆಸೆ. ಎರಡು ತಿಂಗಳು ಕೂತು ನೂಲಿಗೆ ಬಣ್ಣ ಕೊಟ್ಟಿದ್ದಳು. ಅರ್ಧ ತೀಡುವ ಹೊತ್ತಿಗೆ ಗಾಳಿ ಎದ್ದಿತು. ಹಾಸು ಮೇಲಕ್ಕೂ ಕೆಳಕ್ಕೂ ಬಡಿಯಿತು. ಒಂದೇ ಏಟಿಗೆ ಹದಿನೈದು ಇಪ್ಪತ್ತು ಎಳೆ ಹರಿದವು. "ಅಣ್ಣಾ, ಇಲ್ಲಿ! ಅಣ್ಣಾ, ಇಲ್ಲಿ!" ಎಂಟು ಕಡೆಯಿಂದ ಕೂಗು. ಅವನಿಗಿದ್ದದ್ದು ಎರಡೇ ಕೈ. ಆ ತುದಿಗೆ ಓಡಿದರೆ ಈ ತುದಿ ಕಾಯುತ್ತಿತ್ತು. ಎಂಟು ಜನ ಕುಂಚ ಹಿಡಿದುಕೊಂಡು ಗೊಂಬೆಗಳ ಹಾಗೆ ನಿಂತಿದ್ದರು. ಬಿಸಿಲು ಏರಿತು. ಗಂಜಿ ಒಣಗಿತು. ಹಾಸು ಹಲಗೆಯಾಯಿತು.

ನೇಕಾರನಿಗೆ ಮೈಯೆಲ್ಲ ಉರಿ. "ನಿಮಗೇನು ಕೈ ಇರಲಿಲ್ಲವೇನ್ರೋ?" ಎಂದು ಕಿರುಚಿದ.

ದಾನಪ್ಪ ತಗ್ಗಿದ ದನಿಯಲ್ಲಿ ಹೇಳಿದ, "ಇದ್ದವು ಅಣ್ಣ. ಮುಂದೆ ಚಾಚಿದಾಗಲೆಲ್ಲ ನೀನೇ ಸರಿಸುತ್ತಿದ್ದೆ. ಆಮೇಲೆ ಚಾಚುವುದನ್ನೇ ಬಿಟ್ಟೆವು."

ಬಾಳವ್ವ ಬೈಯಲಿಲ್ಲ. ಅಳಲೂ ಇಲ್ಲ. ಹಾಸನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದಳು. ಅವಳು ನಾಲ್ಕು ಮಾತು ಬೈದಿದ್ದರೆ ನೇಕಾರನಿಗೆ ಎಷ್ಟೋ ಹಗುರವಾಗುತ್ತಿತ್ತು. ಪಾಪ, ಅವನೇನು ಕೆಟ್ಟವನಲ್ಲ. ಆ ದಿನ ಅವನು ಅನ್ನ ಮುಟ್ಟಲಿಲ್ಲ.

ಮರುದಿನ ಯಜಮಾನನ ಬಳಿ ಹೋಗಿ, "ಈ ಎಂಟು ಜನ ನನಗೆ ಬೇಡ. ಬೇರೆಯವರನ್ನು ಕೊಡು" ಎಂದ.

"ಕೊಡುತ್ತೇನೆ. ಅವರನ್ನೂ ಎರಡೇ ಹಾಸಿನಲ್ಲಿ ಹೀಗೇ ಮಾಡಿಬಿಡುತ್ತೀಯ" ಎಂದ ಮುದುಕ. ಆಮೇಲೆ ಹತ್ತಿರ ಕರೆದು ಕೂರಿಸಿಕೊಂಡ. "ನಾನೂ ಒಂದು ಕಾಲಕ್ಕೆ ನಿನ್ನಂಥವನೇ ಕಣೋ. ಒಬ್ಬರ ಗಂಟು ಕೆಟ್ಟದ್ದು ಕಂಡರೆ ನನ್ನ ಕೈ ತಡೆಯುತ್ತಿರಲಿಲ್ಲ. ಈಗಲೂ ತಡೆಯುವುದಿಲ್ಲ. ಅದಕ್ಕೇ ಕಟ್ಟಿಸಿಕೊಳ್ಳುತ್ತೇನೆ. ಕೈ ಬಿಚ್ಚಿದ್ದಾಗ ನನಗೆ ಎಳೆ ಮಾತ್ರ ಕಾಣುತ್ತಿತ್ತು. ಕಟ್ಟಿಸಿಕೊಂಡ ಮೇಲೆ ಜನ ಕಂಡರು. ಯಾರಿಗೆ ಏನು ಬರುತ್ತದೆ, ಯಾರಿಗೆ ಏನು ಬಾರದು, ಯಾರನ್ನು ಯಾರ ಪಕ್ಕ ನಿಲ್ಲಿಸಬೇಕು, ಎಲ್ಲ ಆಗಲೇ ತಿಳಿದದ್ದು."

ನೇಕಾರ ಕೊನೆಗೆ, "ಇನ್ನೊಂದು ಹಾಸು ಕೊಡು" ಎಂದು ಬೇಡಿಕೊಂಡ.

ಬೀದಿಯವರು ಮನೆಗಿಷ್ಟು ನೂಲು ಕೊಟ್ಟರು. ಬಾಳವ್ವ ಮತ್ತೆ ಬಣ್ಣಕ್ಕೆ ಕೂತಳು. ಮದುವೆ ಹತ್ತಿರ ಬಂದಿತ್ತು. ಇದೂ ಕೆಟ್ಟರೆ ಇನ್ನೊಂದು ಸೀರೆಗೆ ಸಮಯವಿರಲಿಲ್ಲ. ಅಷ್ಟರೊಳಗೆ ನೇಕಾರ ಎಂಟು ಜನರನ್ನೂ ದಿನಾ ತನ್ನ ಜಗುಲಿಗೆ ಕರೆದು, ಹಳೆಯ ನೂಲು ಕೊಟ್ಟು ಗಂಟು ಹಾಕಿಸಿದ. ತಾನು ಮುಟ್ಟಲಿಲ್ಲ. ತಪ್ಪಿದರೆ, "ಎಲ್ಲಿ ಸಡಿಲವಾಯಿತು, ನೀನೇ ಹೇಳು" ಎನ್ನುತ್ತಿದ್ದ. ಹೀಗೆ ಕೇಳುವುದು ಅವನಿಗೆ ಎಷ್ಟು ಕಷ್ಟವಾಯಿತೆಂದರೆ, ಮೊದಲ ದಿನ ಎದ್ದು ಹಿತ್ತಲಿಗೆ ಹೋಗಿ ಬಾಳೆಗಿಡಕ್ಕೆ ಬೈದು ಬಂದನಂತೆ.

ಹಾಸಿನ ದಿನ ಬಂತು. ಅವನ ಕೈಗಳನ್ನು ಮುದುಕನೇ ಶಲ್ಯದಿಂದ ಕಟ್ಟಿದ. ದಾನಪ್ಪನ ಎದುರಿಗೇ ಮೊದಲ ಎಳೆ ಹರಿಯಿತು. ದಾನಪ್ಪ ಗಂಟು ಹಾಕಿದ, ಬಿಚ್ಚಿತು. ಮತ್ತೆ ಹಾಕಿದ, ಮತ್ತೆ ಬಿಚ್ಚಿತು. ನೇಕಾರನ ಹಣೆಯಲ್ಲಿ ಬೆವರು ಒಡೆಯಿತು. ಶಲ್ಯ ಕಿತ್ತುಹೋಗುವಷ್ಟು ಜಗ್ಗಿದ. "ನಿಧಾನಕ್ಕೆ ಹಾಕು ದಾನಪ್ಪ, ಹೊತ್ತಿದೆ" ಎಂದಷ್ಟೇ ಹೇಳಿದ. ಮೂರನೆಯ ಗಂಟು ನಿಂತಿತು. ನೋಡಲು ಅಂದವಾಗಿರಲಿಲ್ಲ, ಆದರೆ ನಿಂತಿತು.

ಆ ದಿನವೂ ಗಾಳಿ ಎದ್ದಿತು. ಎಳೆಗಳು ಹರಿದವು. ಒಬ್ಬನೂ ಅಣ್ಣಾ ಎನ್ನಲಿಲ್ಲ. ಎಂಟು ಜನರ ಬೆರಳು ಆಡಿದವು. ಬಿಸಿಲು ಬಲಿಯುವುದರೊಳಗೆ ಹಾಸು ಮುಗಿಯಿತು. ಬಾಳವ್ವ ಒಂದು ತುದಿಯಿಂದ ಇನ್ನೊಂದು ತುದಿಗೆ ಕೈಯಾಡಿಸುತ್ತಾ ಹೋದಳು. ಕೊನೆ ಮುಟ್ಟಿದ ಮೇಲೆ ಅಲ್ಲೇ ಕುಸಿದು ಕೂತು ಅತ್ತಳು. ಮಗಳು ಆ ಸೀರೆಯುಟ್ಟೇ ಹಸೆಮಣೆ ಏರಿದಳು.

ನೇಕಾರನ ಕಣ್ಣೂ ತುಂಬಿತ್ತು. "ಇವತ್ತು ಯಾರೂ ನನ್ನನ್ನು ಕರೆಯಲೇ ಇಲ್ಲ" ಎಂದ. ಅವನಿಗೆ ಸಂತೋಷವೂ ಆಗಿತ್ತು, ಸ್ವಲ್ಪ ಬೇಸರವೂ ಆಗಿತ್ತು. ಮುದುಕ ಅವನ ಕಟ್ಟು ಬಿಚ್ಚಿ, ಕೆಂಪಾದ ಮಣಿಕಟ್ಟುಗಳನ್ನು ತಿಕ್ಕಿದ. ಅಂದಿನಿಂದ ಬೀದಿ ಅವನದಾಯಿತು.

ಗುರುಗಳು ಕತೆ ನಿಲ್ಲಿಸಿದರು. ರಾಚಯ್ಯನ ಮುಖ ಅರಳಿತ್ತು. "ತಿಳಿಯಿತು ಗುರುಗಳೇ, ಚೆನ್ನಾಗಿ ತಿಳಿಯಿತು. ಇನ್ನಾದರೂ ಆ ಜಾಗ ನನಗೆ ಕೊಡುತ್ತೀರಲ್ಲವೇ?"

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

"ನೀನು ಜ್ವರ ಬಂದು ಮಲಗಿದ ದಿನ ಮಠಕ್ಕೆಲ್ಲ ಉಣ್ಣಿಸಬಲ್ಲ ಒಬ್ಬನ ಹೆಸರು ಹೇಳು ಮಗು, ನಾಳೆಯೇ ಕೊಡುತ್ತೇನೆ."